ಊಟಕ್ಕೆ ಮನೆಗೆ ಬಂದ ಸಿಪಾಯಿ

ಹೊಸದುರ್ಗ ರೋಡ್ ಎಂಬ ರೈಲು ನಿಲ್ದಾಣ ಹೊಸದುರ್ಗದಲ್ಲಿಲ್ಲ. ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ಹಳಿಯ ಮಗ್ಗುಲಲ್ಲಿ, ಊರಿಂದ ಬಸ್ಸು ಹಿಡಿದೇ ತಲುಪಬೇಕಾದ ದೂರದಲ್ಲಿ, ತನಗೂ ಊರಿಗೂ ಹೆಸರಿನ ಹೊರತು ಬೇರೆ ಬಳಕೆಯಿಲ್ಲವೆಂಬ ಗತ್ತಿನಲ್ಲಿ ಅದು ಕೂತಿದೆ. ಹೊರಗಿನವರು ಇದನ್ನು ಅನನುಕೂಲ ಅನ್ನುತ್ತಾರೆ. ನನಗೆ ಮಾತ್ರ ಇದರಲ್ಲಿ ಹಿರಿಯರ ಯಾವುದೋ ವಿವೇಕ ಕಾಣುತ್ತದೆ. ಊರು ಬಿಡುವವನಿಗೆ ಮನಸ್ಸು ಬದಲಾಯಿಸಲು ಒಂದಿಷ್ಟು ದಾರಿ ಬೇಡವೇ? ಕೆಂಪು ನೆಲ, ತೆಂಗಿನ ಸಾಲು, ಬೇಲಿಯ ಮೇಲೆ ಒಣಗುತ್ತಿರುವ ಯಾರದೋ ಪಂಚೆ, ಬಸ್ಸಿಗೆ ಅಡ್ಡ ಬಂದು ಯೋಚಿಸುತ್ತ ನಿಂತ ಎಮ್ಮೆ, ಇವನ್ನೆಲ್ಲ ಕಿಟಕಿಯಲ್ಲಿ ನೋಡುತ್ತ ಹೋಗುವಾಗ ‘ಈ ಪ್ರಯಾಣ ಅಷ್ಟು ಜರೂರೇ?’ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ನನ್ನಂಥ ಸೋಮಾರಿಗಂತೂ ಅದು ಬಸ್ಸು ಹತ್ತುವ ಮೊದಲೇ ಏಳುತ್ತದೆ.

ದೊಡ್ಡಪ್ಪನಿಗೆ ಮಾತ್ರ ಏಳಲಿಲ್ಲವಂತೆ. ಚೀನಾ ಯುದ್ಧ ಮುಗಿದ ಮರುವರ್ಷ, ಅಂದರೆ 1963ರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೆ, ಅವರು ಆ ದಾರಿ ಹಿಡಿದು, ಮೀಟರ್ ಗೇಜಿನ ಉಗಿಬಂಡಿ ಹತ್ತಿ, ಬೆಂಗಳೂರಿಗೆ ಹೋಗಿ ಸೇನೆ ಸೇರಿದರು. ದೇಶಪ್ರೇಮವೇ ಎಂದು ಕೇಳಿದರೆ, “ದೇಶಪ್ರೇಮ ಬೆಂಗಳೂರಿಗೆ ಹೋದ್ಮೇಲೆ ಹತ್ತಿದ್ದು ಕಣಲೇ. ಇಲ್ಲಿಂದ ಹೊರಡುವಾಗ ಇದ್ದಿದ್ದು ಹೊಟ್ಟೆ ಹಸಿವು ಒಂದೇ” ಅನ್ನುತ್ತಿದ್ದರು. ಆ ವರ್ಷ ಮಳೆ ಕೈಕೊಟ್ಟಿತ್ತು ಎಂದೂ ಸೇರಿಸುತ್ತಿದ್ದರು. ನಮ್ಮ ಸೀಮೆಯಲ್ಲಿ ಯಾವ ವರ್ಷದ ಮಾತಿಗೆ ಈ ವಾಕ್ಯ ಸೇರಿಸಿದರೂ ಯಾರೂ ತಕರಾರು ಮಾಡುವುದಿಲ್ಲ.

ಇದು ಒಬ್ಬ ಸಿಪಾಯಿಯ ಕಥೆ ಎಂದು ನೀವು ಮೈಯೆಲ್ಲ ಕಿವಿಯಾಗಿ ಕೂರುವುದೇನೂ ಬೇಡ. ಇದರಲ್ಲಿ ಬಂದೂಕು ಸಿಡಿಯುವುದಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ಬೇಕೆನಿಸಿದರೆ ಮಂಡಕ್ಕಿ-ಮೆಣಸಿನಕಾಯಿ ತರಿಸಿಕೊಂಡು ಓದಬಹುದು. ದೊಡ್ಡಪ್ಪನ ಹೆಸರನ್ನೂ ಹೇಳುವುದಿಲ್ಲ. ಊರಲ್ಲಿ ಆ ಹೆಸರಿನಿಂದ ಅವರನ್ನು ಕರೆದವರೂ ಕಡಿಮೆ. ಮೊದಲು ಮಿಲ್ಟ್ರಿ ಅಣ್ಣ, ಆಮೇಲೆ ಮಿಲ್ಟ್ರಿ ಮಾವ, ಕೊನೆಕೊನೆಗೆ ಮಿಲ್ಟ್ರಿ ತಾತ. “ಸೇನೆ ನನ್ನ ಹವಾಲ್ದಾರ್‌ಗೆ ನಿಲ್ಲಿಸಿಬಿಡ್ತು. ಊರವರು ಪಾಪ, ಸಾಯೋವರೆಗೂ ಪ್ರಮೋಷನ್ ಕೊಡ್ತಾನೇ ಅವ್ರೆ” ಎಂದು ಅವರಿಗೆ ಇದರ ಬಗ್ಗೆ ಬಲು ಹೆಮ್ಮೆ.

ಅವರು ಸೇರಿದ್ದು ಹಲಸೂರು ಕೆರೆಯ ದಂಡೆಯಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ. 1780ರಲ್ಲಿ ಮದ್ರಾಸ್ ಪಯನೀರ್ಸ್ ಎಂದು ಹುಟ್ಟಿದ ಹಳೆಯ ದಳ ಅದು. ಅಲ್ಲಿಯ ಸಿಪಾಯಿಗಳಿಗೆ ಇಡೀ ಸೇನೆಯಲ್ಲಿ ‘ತಂಬಿ’ ಎಂದು ಅಡ್ಡಹೆಸರು. ಕನ್ನಡದವನು, ತೆಲುಗಿನವನು, ಮಲಯಾಳದವನು, ಯಾರೇ ಬರಲಿ, ಗೇಟು ದಾಟಿದ ಮೇಲೆ ತಂಬಿ. ಇವರು ಬಂದೂಕನ್ನೂ ಹೊರುತ್ತಾರೆ. ಆದರೆ ಮುಖ್ಯ ಕೆಲಸ ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಹಳ್ಳ ತೋಡುವುದು, ನೆಲದಲ್ಲಿ ಹೂತಿಟ್ಟ ಮೈನುಗಳನ್ನು ಹುಡುಕಿ ತೆಗೆಯುವುದು. ಉಳಿದ ದಳಗಳು ಹೋಗುವ ದಾರಿಯಲ್ಲಿ ಇವರು ಮುಂದಾಗಿಯೇ ಹೋಗಿರಬೇಕು, ದಾರಿಯೇ ಇಲ್ಲದ ಕಡೆ ದಾರಿ ಮಾಡಿಟ್ಟಿರಬೇಕು. “ಮದುವೆ ಮನೇಲಿ ಹಿಂದಿನ ದಿನವೇ ಬಂದು ಚಪ್ಪರ ಹಾಕೋರು ಇರ್ತಾರಲ್ಲ, ಅವ್ರೇ ನಾವು. ಫೋಟೋದಲ್ಲಿ ಇರಲ್ಲ” ಎಂಬುದು ದೊಡ್ಡಪ್ಪ ತಮ್ಮ ದಳದ ಬಗ್ಗೆ ಕೊಡುತ್ತಿದ್ದ ವಿವರಣೆ. ಇದಕ್ಕಿಂತ ಒಳ್ಳೆಯದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಒಂದು ಸಂಗತಿ ಅವರಿಗೆ ಕೊನೆಯವರೆಗೂ ಸೋಜಿಗವಾಗಿಯೇ ಉಳಿದಿತ್ತು. ಹುಟ್ಟಿದ್ದು ಹೊಸದುರ್ಗದ ಬರಡು ನೆಲದಲ್ಲಿ. ಇಲ್ಲಿ ವೇದಾವತಿಯೆಂಬುದು ವರ್ಷದ ಬಹುಪಾಲು ಮರಳಿನ ಹೆಸರು. ಅಂಥಲ್ಲಿಂದ ಹೋದವನಿಗೆ ಸರ್ಕಾರ ದುಡ್ಡು ಕೊಟ್ಟು ಕಲಿಸಿದ್ದು ಈಜು! ಹಲಸೂರು ಕೆರೆಯಲ್ಲಿ ದೋಣಿ ತೇಲಿಸುವುದು, ತೆಪ್ಪ ಕಟ್ಟುವುದು, ನೀರಿನ ಮೇಲೆ ಸೇತುವೆ ಹಾಸುವುದು, ಇದೇ ಕಸರತ್ತು. ಮೊದಲ ರಜೆಗೆ ಬಂದಾಗ ಕಲಿತದ್ದನ್ನು ತೋರಿಸು ಅಂದರಂತೆ ಊರವರು. ತೋರಿಸಲು ನೀರೆಲ್ಲಿದೆ? ಕೊನೆಗೆ ಕಣದಲ್ಲಿ ರಾಗಿಹುಲ್ಲು ಹರಡಿಸಿ, ಅದರ ಮೇಲೆ ಹೊಟ್ಟೆಯಡಿ ಮಾಡಿ ಮಲಗಿ, ಕೈಕಾಲು ಬಡಿದು ತೋರಿಸಿದರಂತೆ. ಅಂದಿನಿಂದ ನಮ್ಮ ಬೀದಿಯಲ್ಲಿ ಯಾವ ಕೆಲಸವನ್ನಾದರೂ ಬಾಯಲ್ಲೇ ಮಾಡಿ ಮುಗಿಸುವವನಿಗೆ ‘ಹುಲ್ಲಲ್ಲಿ ಈಜ್ತಾನೆ’ ಎನ್ನುವ ಮಾತು ಹುಟ್ಟಿಕೊಂಡಿತು. ಅದು ಈಗ ಹೆಚ್ಚಾಗಿ ನನಗೇ ಬಳಕೆಯಾಗುತ್ತಿದೆ ಎಂಬುದು ಬೇರೆ ಮಾತು.

ಆ ಕಾಲದಲ್ಲಿ ಸಿಪಾಯಿಗಳಿಗೆ ಬರೆಯುವ ಬಹುಪಾಲು ಕಾಗದಕ್ಕೆ ಒಂದೇ ವಿಳಾಸ: 56 ಎ.ಪಿ.ಒ. ಅವನು ಲಡಾಖಿನಲ್ಲಿರಲಿ, ರಾಜಸ್ಥಾನದ ಮರಳಲ್ಲಿರಲಿ, ಕಾಗದ ಹೋಗುವುದು 56 ಎ.ಪಿ.ಒ.ಗೆ. ಸೇನೆ ಎಲ್ಲಿ ಬೀಡುಬಿಟ್ಟಿದೆ ಎಂಬುದು ಯಾರಿಗೂ ತಿಳಿಯಬಾರದೆಂಬ ಏರ್ಪಾಡು. ನಮ್ಮಜ್ಜಿ ಮಾತ್ರ ಅದೊಂದು ಊರೆಂದೇ ತಿಳಿದಿದ್ದರು. ಐವತ್ತಾರು ಹಳ್ಳಿ ಸೇರಿದ ದೊಡ್ಡ ಹೋಬಳಿ ಇರಬೇಕು ಎಂಬುದು ಅವರ ಅಂದಾಜು. ಪಕ್ಕದ ಬೀದಿಯ ಇನ್ನೊಬ್ಬ ಹುಡುಗನೂ ಸೇನೆ ಸೇರಿದಾಗ, ಅವನ ವಿಳಾಸವೂ ಅದೇ ಎಂದು ತಿಳಿದು ಅಜ್ಜಿಗೆ ಬಹಳ ಸಮಾಧಾನ. “ಹಂಗಾದ್ರೆ ಇಬ್ರೂ ಒಂದೇ ಊರಾಗ್ ಅವ್ರೆ. ಹುಷಾರಿಲ್ದಿದ್ರೆ ಒಬ್ರಿಗೊಬ್ರು ಗಂಜಿ ಕಾಸ್ಕೊಡ್ತಾರೆ ಬಿಡು.” ಈ ತಿಳಿವಳಿಕೆಯನ್ನು ದೊಡ್ಡಪ್ಪ ತಿದ್ದಲಿಲ್ಲ. ತಿದ್ದುವ ಬದಲು ಬೆಳೆಸಿದರು. ಕಾಗದಗಳಲ್ಲಿ ಆ ಊರಿನ ಸಂತೆ, ಆ ಊರಿನ ತೇರು, ಆ ಊರಿನ ಗೌಡನ ಮಗಳ ಮದುವೆ, ಎಲ್ಲ ಬರತೊಡಗಿದವು. ಓದಿ ಹೇಳುತ್ತಿದ್ದ ಮೇಷ್ಟರಿಗೆ ನಿಜ ಗೊತ್ತಿತ್ತು. ಅವರೂ ತಮ್ಮ ಪಾಲಿನದೊಂದಿಷ್ಟು ಸೇರಿಸುತ್ತಿದ್ದರಂತೆ. ಆ ಊರಿಗೆ ಒಮ್ಮೆ ಹೋಗಿಬರಬೇಕೆಂಬ ಆಸೆ ನನಗೆ ಈಗಲೂ ಇದೆ. ದೂರದ ಊರುಗಳಲ್ಲಿ ನಾನು ಹೋಗಲು ಸಿದ್ಧವಿರುವುದು ಅದೊಂದಕ್ಕೇ.

ದೊಡ್ಡಮ್ಮ ಆಗ ಹೊಸ ಸೊಸೆ. ವರ್ಷಕ್ಕೆ ಎರಡು ತಿಂಗಳು ರಜೆ, ಉಳಿದದ್ದೆಲ್ಲ ಇನ್‌ಲ್ಯಾಂಡ್ ಕಾಗದ. ವಿವಿಧ ಭಾರತಿಯಲ್ಲಿ ಸಿಪಾಯಿಗಳಿಗಾಗಿಯೇ ಬರುತ್ತಿದ್ದ ‘ಜಯಮಾಲಾ’ ಕಾರ್ಯಕ್ರಮವನ್ನು ಕೇಳಲು ಆಕೆ ರೇಡಿಯೋ ಇದ್ದವರ ಮನೆಯ ಜಗುಲಿಗೆ ಅಕ್ಕಿ ಆರಿಸುವ ನೆಪದಲ್ಲಿ ಹೋಗಿ ಕೂರುತ್ತಿದ್ದರಂತೆ. ಒಂದಕ್ಷರ ಹಿಂದಿ ಬಾರದು. ಆದರೂ ಹಾಡು ಕೇಳಬಯಸಿದವರ ಹೆಸರುಗಳಲ್ಲಿ ಗಂಡನ ಹೆಸರು ಬಂದೀತೇ ಎಂದು ಕಾಯುವುದು. ಒಮ್ಮೆಯೂ ಬರಲಿಲ್ಲ. ಆಮೇಲೆ ತಿಳಿದದ್ದು, ದೊಡ್ಡಪ್ಪ ಒಮ್ಮೆಯೂ ಕಾರ್ಡು ಹಾಕಿರಲಿಲ್ಲ. “ಹೆಸರು ಬಂದ್ಬಿಟ್ಟಿದ್ರೆ ನೀನು ಮಾರನೇ ದಿನದಿಂದ ಕೇಳೋದು ಬಿಡ್ತಿದ್ದೆ. ಬರ್ಲಿಲ್ಲ ಅಂತ್ಲೇ ಹದಿನೇಳು ವರ್ಷ ಕೇಳ್ದೆ” ಎಂದು ಅವರ ಸಮಜಾಯಿಷಿ. ಇದಕ್ಕೆ ದೊಡ್ಡಮ್ಮ, “ಹದಿನೇಳು ವರ್ಷ ಆರ್ಸಿದ ಅಕ್ಕೀಲಿ ಒಂದು ಕಲ್ಲೂ ಬಿಟ್ಟಿರಲಿಲ್ಲ, ಅದೊಂದು ಲಾಭ” ಎಂದು ಮುಖ ತಿರುಗಿಸುತ್ತಿದ್ದರು. ತಿರುಗಿಸಿದ ಮುಖದಲ್ಲಿ ನಗು ಇರುತ್ತಿದ್ದದ್ದು ನಾವು ಮಕ್ಕಳು ಕೂತ ಕಡೆಯಿಂದ ಕಾಣುತ್ತಿತ್ತು.

ರಜೆ ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿಗೆ ಸಿಗುತ್ತಿತ್ತು. ಹೀಗಾಗಿ ನನ್ನ ದೊಡ್ಡಪ್ಪನ ಮಕ್ಕಳೆಲ್ಲ ಆಷಾಢ ಶ್ರಾವಣಗಳ ನಡುವೆ ಹುಟ್ಟಿದ ರಜಾಸಂತಾನ. ಶಾಲೆಗೆ ಸೇರಿಸುವಾಗ ಮೇಷ್ಟರು ಆ ಕಾಲದ ಪದ್ಧತಿಯಂತೆ ಎಲ್ಲರಿಗೂ ಜೂನ್ 1 ಎಂದೇ ಬರೆದುಕೊಂಡರು. “ಸರ್ಕಾರಕ್ಕೆ ನನ್ನ ರಜೆ ಲೆಕ್ಕ ಸಿಗಬಾರ್ದು ಅಂತ ಮೇಷ್ಟ್ರು ಕಾಪಾಡಿದ್ರು” ಎಂದು ದೊಡ್ಡಪ್ಪ.

ಅವರು ರಜೆಗೆ ಬರುವುದೆಂದರೆ ಮೊದಲು ಬರುತ್ತಿದ್ದದ್ದು ಟ್ರಂಕಿನ ಸದ್ದು. ಕಪ್ಪು ಕಬ್ಬಿಣದ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ನಂಬರು ಮತ್ತು ಹೆಸರು, ಹಿಂದೆ ಸುರುಳಿ ಸುತ್ತಿದ ಹೋಲ್ಡಾಲು. ಟ್ರಂಕಿನ ಮುಚ್ಚಳ ತೆಗೆದರೆ ಬರುತ್ತಿದ್ದ ವಾಸನೆಯನ್ನು ಬಿಡಿಸಿ ಹೇಳುವುದು ಕಷ್ಟ. ನ್ಯಾಫ್ತಲಿನ್ ಗುಳಿಗೆ, ಬೂಟ್ ಪಾಲಿಶು, ಒಣಗಿದ ಉಣ್ಣೆ, ಎಲ್ಲೋ ಮೂಲೆಯಲ್ಲಿ ಸಕ್ಕರೆ ಪಾಕದ್ದು. ಆ ಕೊನೆಯ ವಾಸನೆಯ ಮೂಲ ಶಕ್ಕರ್‌ಪಾರೆ. ಸಿಪಾಯಿಗಳು ದೂರದ ಕಾವಲಿಗೆ ಹೋಗುವಾಗ ಕಟ್ಟಿಕೊಳ್ಳುವ, ಕಲ್ಲಿನಷ್ಟೇ ಬಾಳಿಕೆ ಬರುವ ಸಿಹಿ. ನನ್ನ ಬಾಲ್ಯದ ಎರಡು ಹಲ್ಲುಗಳು ಬಿದ್ದದ್ದು ಅದರ ದಯದಿಂದ. ಟ್ರಂಕಿನ ತಳದಲ್ಲಿ ಹರ್ಕ್ಯುಲಿಸ್ ರಮ್ಮಿನ ಬಾಟಲಿ. ಅದರ ವಾಸನೆ ಮುಚ್ಚಳ ತೆಗೆಯುವ ಮೊದಲೇ ನೆಂಟರಿಗೆ ಹತ್ತುತ್ತಿತ್ತು. ವರ್ಷವಿಡೀ ಮಾತು ಬಿಟ್ಟಿದ್ದವರೂ ಆ ವಾರ ದೇಶರಕ್ಷಣೆಯ ಕುರಿತು ಆಸ್ಥೆಯಿಂದ ವಿಚಾರಿಸಿಕೊಂಡು ಹೋಗಲು ಬರುತ್ತಿದ್ದರು. ದೊಡ್ಡಪ್ಪ ಎಲ್ಲರಿಗೂ ಒಂದೊಂದು ಮುಚ್ಚಳದಷ್ಟು ಅಳೆದು ಕೊಡುತ್ತ, “ತಗಳಪ್ಪ, ಗಡಿ ಭದ್ರ ಐತೆ” ಅನ್ನುತ್ತಿದ್ದರು.

ಹದಿನೇಳು ವರ್ಷ ಮುಗಿಸಿ 1980ರಲ್ಲಿ ಅವರು ಊರಿಗೆ ಬಂದುಬಿಟ್ಟರು. ಊರವರು ಯುದ್ಧದ ಕಥೆ ಕೇಳಲು ತಯಾರಾಗಿ ಕೂತಿದ್ದರು. ದೊಡ್ಡಪ್ಪ ಅಡುಗೆಮನೆಯ ಕಥೆ ಹೇಳತೊಡಗಿದರು. ಲಂಗರಿನಲ್ಲಿ ಪೂರಿ ಕರಿಯುವಾಗ ಬೀಸಿದ ಬಿರುಗಾಳಿ, ರಾಗಿ ಮುದ್ದೆಗಾಗಿ ಹಂಬಲಿಸಿ ಗೋಧಿ ಹಿಟ್ಟಿನಲ್ಲೇ ಮುದ್ದೆ ತಿರುವಲು ಹೋಗಿ ಸೌಟು ಮುರಿದದ್ದು, ಆ ಗೋಂದಿನಿಂದ ತಿಂಗಳುಗಟ್ಟಲೆ ಲಕೋಟೆ ಅಂಟಿಸಿದ್ದು. “ಎಷ್ಟು ಜನರನ್ನ ಕೊಂದೆ ಮಾವ?” ಎಂದು ಹುಡುಗರು ನೇರವಾಗಿ ಕೇಳಿದರೆ, “ಲೆಕ್ಕ ಇಟ್ಟಿಲ್ಲಪ್ಪ. ಗುಂಡಿ ಎಷ್ಟು ತೋಡಿದೆ ಕೇಳು, ಹೇಳ್ತೀನಿ” ಅನ್ನುತ್ತಿದ್ದರು.

ತೋಡಿದ್ದಂತೂ ನಿಜ. 1971ರ ಡಿಸೆಂಬರಿನ ನಡುವೆ ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ ನಡೆದ ಕಾಳಗ ಸೇನೆಯ ಚರಿತ್ರೆಯಲ್ಲಿ ದೊಡ್ಡ ಹೆಸರು. ಇಪ್ಪತ್ತೊಂದರ ಹರೆಯದ ಅರುಣ್ ಖೇತ್ರಪಾಲ್ ತನ್ನ ಟ್ಯಾಂಕಿನಲ್ಲಿ ಕೊನೆಯ ತನಕ ಕಾದಾಡಿ, ಡಿಸೆಂಬರ್ 16ರಂದು ಮಡಿದು, ಪರಮವೀರ ಚಕ್ರಕ್ಕೆ ಪಾತ್ರನಾದದ್ದು ಅಲ್ಲೇ. ಆ ಟ್ಯಾಂಕುಗಳು ಹಾದುಹೋಗಬೇಕಾದ ನೆಲದ ತುಂಬ ಮೈನುಗಳು. ಅವನ್ನು ತೆಗೆದು ದಾರಿ ಮಾಡುವ ಕೆಲಸ ಮದ್ರಾಸ್ ಸ್ಯಾಪರ್ಸಿನ 9ನೇ ಎಂಜಿನಿಯರ್ ರೆಜಿಮೆಂಟಿನದು. ದೊಡ್ಡಪ್ಪ ಅದರಲ್ಲಿದ್ದರು. ಇಷ್ಟನ್ನು ನಾನು ತಿಳಿದದ್ದು ಅವರ ಬಾಯಿಂದಲ್ಲ, ಟ್ರಂಕಿನಲ್ಲಿದ್ದ ಕಾಗದಗಳಿಂದ ಮತ್ತು ಆಮೇಲೆ ಓದಿದ ಪುಸ್ತಕಗಳಿಂದ. ಅವರು ಹೇಳಿದ್ದು ಕೆಲಸದ ರೀತಿಯನ್ನು ಮಾತ್ರ. ರಾತ್ರಿಯ ಚಳಿಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಸಣ್ಣ ಸರಳನ್ನು ನೆಲಕ್ಕೆ ಓರೆಯಾಗಿ ಚುಚ್ಚುತ್ತ, ಕಬ್ಬಿಣ ತಾಗಿದರೆ ಕೈಯಿಂದ ಮಣ್ಣು ಸರಿಸುತ್ತ, ಗೇಣು ಗೇಣೇ ಮುಂದೆ ಸರಿಯುವುದು. ಶುದ್ಧವಾದ ದಾರಿಯ ಎರಡೂ ಅಂಚಿಗೆ ಬಿಳಿ ಪಟ್ಟಿ ಎಳೆಯುವುದು. ಹಿಂದೆ ಬರುವವನು ಕತ್ತಲಲ್ಲಿ ಆ ಪಟ್ಟಿಗಳ ನಡುವೆ ಕಾಲಿಟ್ಟರೆ ಸಾಕು. “ಹಿಂದೆ ಬರೋನಿಗೆ ಕೆಳಗೆ ಏನಿತ್ತು ಅಂತ ಗೊತ್ತಾಗಬಾರ್ದು, ಅದೇ ಕೆಲಸ” ಎಂದು ಒಮ್ಮೆ ಅಂದಿದ್ದರು. ತಕ್ಷಣ ಆ ಮಾತು ಭಾರವಾಯಿತೆನಿಸಿತೇನೋ, “ಅದಕ್ಕೇ ನೋಡು, ನಿಮ್ಮ ದೊಡ್ಡಮ್ಮ ಡಬ್ಬೀಲಿ ಚಕ್ಲಿ ಎಲ್ಲಿ ಬಚ್ಚಿಟ್ರೂ ನಂಗೆ ಸಿಗುತ್ತೆ” ಎಂದು ಸೇರಿಸಿ ಎದ್ದುಹೋದರು.

ಈ ಬಿಳಿ ಪಟ್ಟಿಯ ವಿಚಾರ ನನ್ನ ತಲೆಯಲ್ಲಿ ಬಹಳ ಕಾಲ ಉಳಿಯಿತು. ಅವರ ನಗೆಗಾರಿಕೆಯೆಲ್ಲ ಇದೇ ಕೆಲಸದ ಮುಂದುವರಿಕೆ ಇರಬಹುದೇ? ಮನೆಯ ಮಾತು ಯಾವುದೋ ಜಾಗಕ್ಕೆ ಹೋಗಿ ಸಿಡಿಯಲಿದೆ ಅನಿಸಿದಾಗ, ಆಸ್ತಿ ಪಾಲಿನ ದಿನ, ಮಗಳ ಮದುವೆ ಮುರಿದುಬಿದ್ದ ದಿನ, ತೋಟಕ್ಕೆ ನುಸಿ ಹತ್ತಿ ಕಾಯಿಯೆಲ್ಲ ಗುಬ್ಬಿ ಮೊಟ್ಟೆಯ ಗಾತ್ರಕ್ಕಿಳಿದ ವರ್ಷ, ಅವರು ಮೊದಲು ಮುಂದೆ ಹೋಗಿ ಏನೋ ಒಂದು ತಮಾಷೆ ಆಡಿಬಿಡುತ್ತಿದ್ದರು. ಉಳಿದವರಿಗೆ ಅದರ ಹಿಂದೆ ಕಾಲಿಡಲು ಧೈರ್ಯ ಬರುತ್ತಿತ್ತು. ಇದನ್ನು ಅವರ ಮುಂದೆ ಹೇಳಿದ್ದರೆ, ನನಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಸಿದ್ಧಾಂತ ಕಟ್ಟುವವರನ್ನು ಕಂಡರೆ ಅವರಿಗೆ ಕನಿಕರ.

ಆದರೆ ಅವರದೇ ಒಂದು ಸಿದ್ಧಾಂತವಿತ್ತು. ಅದು ಕಹಳೆಯ ಮುದ್ದಹನುಮನ ಕುರಿತದ್ದು. ಒನಕೆ ಓಬವ್ವನನ್ನು ಅರಿಯದವರಿಲ್ಲ. ಚಿತ್ರದುರ್ಗದ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಒನಕೆ ಎತ್ತಿ ನಿಂತಿರುವ ಆಕೆಯ ಪ್ರತಿಮೆಯಿದೆ, ಹೆಸರಲ್ಲಿ ಕ್ರೀಡಾಂಗಣವಿದೆ, ಕೋಟೆಯಲ್ಲಿ ಆಕೆಯ ಕಿಂಡಿಯಿದೆ. ಹೈದರಾಲಿಯ ಸಿಪಾಯಿಗಳು ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರುತ್ತಿದ್ದಾಗ, ನೀರಿಗೆ ಬಂದ ಆಕೆ ಒನಕೆ ತಂದು ಒಬ್ಬೊಬ್ಬರ ತಲೆಗೂ ಹೊಡೆದು ಎಳೆದುಹಾಕಿದ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೆ ಅಕ್ಷರಕ್ಕೆ ಮೊದಲು ಬರುತ್ತದೆ. ಮುದ್ದಹನುಮ ಆಕೆಯ ಗಂಡ, ಅಲ್ಲಿಯ ಕಾವಲುಗಾರ. ಅವನು ಆ ಹೊತ್ತಿನಲ್ಲಿ ಮಾಡುತ್ತಿದ್ದದ್ದೇನು? ಮನೆಯಲ್ಲಿ ಊಟ.

ಈ ಕಾರಣಕ್ಕೆ ಚರಿತ್ರೆ ಅವನನ್ನು ಮೂಲೆಗೆ ಕೂರಿಸಿದೆ. ಅವನಿಗೊಂದು ಪ್ರತಿಮೆಯನ್ನು ನಾನು ಕಂಡಿಲ್ಲ. ದೊಡ್ಡಪ್ಪ ಅವನ ಪರ ವಕೀಲರು. “ಕಾವಲು ಬಿಟ್ಟು ಊಟಕ್ಕೆ ಹೋದ ಅಂತಾರೆ. ಹೋಗ್ದೆ ಏನ್ ಮಾಡ್ತಾನೆ? ಹೆಂಡ್ತಿ ಮುದ್ದೆ ಮಾಡಿ ಕಾಯ್ತಾ ಕೂತವಳೆ. ಸಿಪಾಯಿ ಅಂದ್ರೆ ಕೋಟೆ ಬಾಗಿಲಲ್ಲೇ ಹುಟ್ಟಿದೋನಾ?” ಎಂದು ಶುರು ಮಾಡಿದರೆ ವಾದ ಸಂಜೆಯವರೆಗೆ ಬೆಳೆಯುತ್ತಿತ್ತು. ಅವನು ಊಟಕ್ಕೆ ಬಂದದ್ದರಿಂದಲ್ಲವೇ ಓಬವ್ವ ನೀರಿಗೆ ಹೋದದ್ದು? ಅವನು ಊಟ ನಿಧಾನವಾಗಿ ಮಾಡಿದ್ದರಿಂದಲ್ಲವೇ ಆಕೆ ಅವನನ್ನು ಎಬ್ಬಿಸದೆ ತಾನೇ ಒನಕೆ ಹಿಡಿದದ್ದು? ಕೋಟೆ ಎಂಬುದು ಕಲ್ಲಿನದಲ್ಲ, ಒಬ್ಬ ಮನುಷ್ಯ ಬಂದು ಕೂತು ಉಣ್ಣುವ ಜಾಗವನ್ನು ಸುತ್ತಿಕೊಂಡು ಕಟ್ಟಿದ್ದು. ಆ ಜಾಗವೇ ಇಲ್ಲದಿದ್ದರೆ ಕಾಯುವುದಾದರೂ ಏನನ್ನು? ಕಡೆಯಲ್ಲಿ, “ಸತ್ತೋರಿಗೆಲ್ಲ ಗುಡಿ ಕಟ್ಟಿದೀವಿ. ಊಟಕ್ಕೆ ಮನೆಗೆ ಬಂದ ಸಿಪಾಯಿಗೂ ಎಲ್ಲಾದ್ರೂ ಒಂದು ಕಲ್ಲು ನಿಲ್ಸಬೇಕು ಕಣ್ರಯ್ಯ” ಎಂದು ಮುಗಿಸಿ ಎಲೆ ಹಾಕಲು ಹೇಳುತ್ತಿದ್ದರು.

ಅವರ ಕೋಣೆಯಲ್ಲಿ ಎರಡು ಭಾವಚಿತ್ರಗಳಿದ್ದವು, ಎರಡೂ ಕೊಡಗಿನವರದು. ಒಂದು ಜನರಲ್ ತಿಮ್ಮಯ್ಯನವರದು. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು, 1965ರ ಡಿಸೆಂಬರಿನಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿರುವಾಗಲೇ ತೀರಿಕೊಂಡವರು. ಆ ಪುಟ್ಟ ದ್ವೀಪದ ಜನ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿದರು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಸೇನೆಗೆಲ್ಲ ಅವರು ‘ಟಿಮ್ಮಿ’. ಅಡ್ಡಹೆಸರು ಉಳಿಸಿಕೊಂಡವನಷ್ಟೇ ದೊಡ್ಡ ಮನುಷ್ಯ ಎಂಬುದು ದೊಡ್ಡಪ್ಪನ ಅಳತೆ. ಇನ್ನೊಂದು ಕಾರ್ಯಪ್ಪನವರದು. 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಸಿಕ್ಕಾಗ, ಹಿಂದೆ ಇವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಅವನನ್ನು ಬಿಟ್ಟುಕಳಿಸುವ ಮಾತಾಡಿದರಂತೆ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದರಂತೆ ಕಾರ್ಯಪ್ಪ. ಈ ಕಥೆ ಹೇಳುವಾಗ ದೊಡ್ಡಪ್ಪ ಎದ್ದು ನಿಲ್ಲುತ್ತಿದ್ದರು. ಹೇಳಿ ಮುಗಿಸಿ ಕೂತ ಮೇಲೆ, “ದೊಡ್ಡೋರ ಮಾತು ದೊಡ್ದು. ನಾನಾಗಿದ್ರೆ, ಎಲ್ಲರ ಪರವಾಗಿ ಒಬ್ಬ ಬಂದು ಉಂಡ್ಕೊಂಡು ಹೋಗ್ಲಿ, ಮಿಕ್ಕೋರಿಗೆ ಬುತ್ತಿ ಕಟ್ಕೊಡ್ತೀನಿ ಅಂತಿದ್ದೆ” ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ಈಗ ಯೋಚಿಸಿದರೆ, ಆ ಎದ್ದು ನಿಲ್ಲುವುದೂ ಅವರೇ, ಈ ಬುತ್ತಿ ಕಟ್ಟುವುದೂ ಅವರೇ. ಎರಡರ ನಡುವೆ ಜಗಳ ಹತ್ತದಂತೆ ಒಂದು ಜೀವನ ನಡೆಸಿದರಲ್ಲ, ಅದು ನನ್ನ ಬೆರಗು.

ನಿವೃತ್ತಿಯ ಮೇಲಿನ ಅವರ ದಿನಚರಿ ಯಾವ ಪ್ರಯೋಜನಕ್ಕೂ ಬಾರದ ಸೊಗಸಿನದು. ತೆಂಗಿನ ಸಸಿಗಳನ್ನು ಹಗ್ಗ ಹಿಡಿದು ಪರೇಡಿನ ಸಾಲಿನಂತೆ ನೆಟ್ಟಿದ್ದರು. ಒಂದು ಮಾತ್ರ ಸಾಲು ತಪ್ಪಿ ಬಲಕ್ಕೆ ವಾಲಿತ್ತು. ಅದು ದೊಡ್ಡಮ್ಮ ನೆಟ್ಟದ್ದು. “ಅವನಿಗೆ ಶಿಕ್ಷೆ ಕೊಡಂಗಿಲ್ಲ, ಮೇಲಿನೋರ ಶಿಫಾರಸು” ಎಂದು ಬಂದವರಿಗೆಲ್ಲ ತೋರಿಸುವರು. ಪೇಟೆಯ ಮಿಲಿಟರಿ ಹೋಟೆಲಿಗೆ ಹೋದರೆ ನೆಟ್ಟಗೆ ಗಲ್ಲಾದ ಮುಂದೆ ನಿಂತು, ತಮ್ಮ ಡಿಸ್ಚಾರ್ಜ್ ಬುಕ್ಕನ್ನು ಮೇಜಿನ ಮೇಲಿಟ್ಟು, ಮಾಜಿ ಸೈನಿಕರಿಗೆ ರಿಯಾಯಿತಿ ಎಷ್ಟು ಎಂದು ಗಂಭೀರವಾಗಿ ಕೇಳುವರು. ಗಲ್ಲಾದ ಮೇಲೆ ಕೂತವನು ಅಷ್ಟೇ ಗಂಭೀರವಾಗಿ, “ಯಾವ ರೆಜಿಮೆಂಟು ಸಾ? ನಮ್ದು ಬೋಟಿ ಬೆಟಾಲಿಯನ್, ನಿಮ್ದಕ್ಕೆ ಇಲ್ಲಿ ಚಲಾವಣೆ ಇಲ್ಲ” ಎಂದು ಬುಕ್ಕನ್ನು ಹಿಂದಿರುಗಿಸುವನು. ವರ್ಷಗಟ್ಟಲೆ ಈ ಸಂಭಾಷಣೆ ಒಂದಕ್ಷರ ಬದಲಾಗದೆ ನಡೆದಿದೆ. ಮೂಳೆ ಸಾರಿಗಿಂತ ಇದರ ರುಚಿಗೇ ದೊಡ್ಡಪ್ಪ ಅಲ್ಲಿಗೆ ಹೋಗುತ್ತಿದ್ದರೆಂದು ನನ್ನ ಅನುಮಾನ.

ನವೆಂಬರ್ ಬಂತೆಂದರೆ ಎರಡು ಸಂಭ್ರಮ. ಒಂದು, ಸಾಣೇಹಳ್ಳಿಯ ನಾಟಕೋತ್ಸವ. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತು, ರಂಗದ ಮೇಲೆ ಸೈನಿಕರು ಸಾಯುವುದನ್ನು ಅವರು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. “ಎಷ್ಟು ಚೆನ್ನಾಗಿ ಸಾಯ್ತಾರಲೇ! ಬಟ್ಟೆ ಇಸ್ತ್ರಿ ಮುರೀದಂಗೆ!” ಎರಡನೆಯದು ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ರುಜುವಾತು ಕೊಡುವ ವಿಧಿ. ದೊಡ್ಡಪ್ಪ ಇದಕ್ಕೆ ‘ಜೀವೋತ್ಸವ’ ಎಂದು ಹೆಸರಿಟ್ಟಿದ್ದರು. ತಿಂಗಳ ಮೊದಲ ದಿನ ಕನ್ನಡ ರಾಜ್ಯೋತ್ಸವ, ಅದು ಮುಗಿದ ಮೇಲೆ ಜೀವೋತ್ಸವ. ಇಸ್ತ್ರಿ ಮಾಡಿದ ಅಂಗಿ, ಪದಕಗಳು, ಮೀಸೆಗೆ ಎಣ್ಣೆ. “ಬದುಕಿದೀನಿ ಅಂತ ಹೇಳಕ್ಕೆ ಹೋಗುವಾಗ ಅರ್ಧ ಸತ್ತೋನ್ ಥರ ಹೋದ್ರೆ ಅವ್ರಿಗೂ ಅನುಮಾನ ಬರುತ್ತೆ.”

ಇನ್ನು ಮಾರಿಕಣಿವೆಯ ಶಪಥ. ಮೈಸೂರು ಸಂಸ್ಥಾನದವರು 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, ಹಿರಿಯೂರು ತಾಲ್ಲೂಕಿನದಾದರೂ ಅದರ ಹಿನ್ನೀರು ನಮ್ಮ ತಾಲ್ಲೂಕಿನೊಳಗೆ ಬಂದು ಇಣುಕುತ್ತದೆ. ಅಂದರೆ, ನೀರಿದ್ದರೆ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆ ನೀರನ್ನು ಕಂಡಿದ್ದ ಅಜ್ಜಿ ಅದರ ವರ್ಣನೆಯಲ್ಲೇ ಮಕ್ಕಳನ್ನು ಬೆಳೆಸಿದ್ದರು. ಆಮೇಲೆ ದಶಕಗಳು ಕಳೆದರೂ ಕೋಡಿಯ ಸುದ್ದಿಯಿಲ್ಲ. ಹಾಗಾಗಿ ನಮ್ಮ ಕಡೆ ಆಗದ ಕೆಲಸಕ್ಕೆಲ್ಲ ಅದೇ ಗಡುವು. ದೊಡ್ಡಮ್ಮ ಸಿಗರೇಟು ಬಿಡಿ ಎಂದು ಗೋಗರೆದಾಗ ದೊಡ್ಡಪ್ಪ ಚಾರ್ಮಿನಾರ್ ಪ್ಯಾಕಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದರು: “ಮಾರಿಕಣಿವೆ ಕೋಡಿ ಬಿದ್ದ ದಿನ ಬಿಟ್ಟೆ.” ಇದಕ್ಕಿಂತ ಭದ್ರವಾದ ಶಪಥ ಇನ್ನೊಂದಿಲ್ಲವೆಂದು ಅವರು ನಿಶ್ಚಿಂತೆಯಿಂದ ಹೊಗೆ ಬಿಡುತ್ತಿದ್ದರು.

2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ, ಮಾರಿಕಣಿವೆ ಕೋಡಿ ಬಿತ್ತು.

ಜಿಲ್ಲೆಗೆ ಜಿಲ್ಲೆಯೇ ನೋಡಲು ಹೊರಟಿತು. ನಮ್ಮ ಮನೆಯವರೂ ಕಾರು ಮಾಡಿಕೊಂಡು ಹೋದೆವು. ದೊಡ್ಡಮ್ಮ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ, ಮಾತಾಡುವ ಅಗತ್ಯವೂ ಇರಲಿಲ್ಲ. ಎಂಬತ್ತರ ಹತ್ತಿರದ ದೊಡ್ಡಪ್ಪ ಕೋಡಿಯ ನೀರು ಬಂಡೆಗಳ ಮೇಲೆ ಬೆಳ್ಳಗೆ ಮುರಿಯುವುದನ್ನು ಬಹಳ ಹೊತ್ತು ನೋಡಿದರು. “ಅವ್ವ ಸುಳ್ಳು ಹೇಳಿರ್ಲಿಲ್ಲ” ಅಂದರು. ಆಮೇಲೆ ಜೇಬಿನಿಂದ ಪ್ಯಾಕು ತೆಗೆದು ದೊಡ್ಡಮ್ಮನ ಕೈಗೆ ಕೊಟ್ಟು, ನೆಟ್ಟಗೆ ನಿಂತು, ಒಂದು ಸಲ್ಯೂಟು ಹೊಡೆದರು. ಸಲ್ಯೂಟು ನೀರಿಗೋ, ಹೆಂಡತಿಗೋ ಎಂದು ಮೊಮ್ಮಕ್ಕಳಲ್ಲಿ ಜಿಜ್ಞಾಸೆಯಿದೆ. ಅಂದಿನಿಂದ ಅವರು ಸೇದಲಿಲ್ಲ. ಊಟವಾದ ಮೇಲೆ ಅವರ ಕೈ ಖಾಲಿ ಜೇಬಿಗೆ ಹೋಗಿ ಬರುವುದನ್ನು ನೋಡಲಾರದೆ ದೊಡ್ಡಮ್ಮನೇ ಒಂದು ದಿನ, “ಕೋಡಿ ನಿಂತೈತಂತೆ. ಒಂದು ಸೇದಿದ್ರೆ ತಪ್ಪಿಲ್ಲ ಬಿಡಿ” ಅಂದರು. ದೊಡ್ಡಪ್ಪ ಒಪ್ಪಲಿಲ್ಲ. “ಆರ್ಡರು ಲಿಖಿತವಾಗಿ ಬೇಕು” ಅಂದರು. ಬರೆಯಲು ಬಾರದ ಆಕೆಯ ಮೇಲೆ ಆ ಮನುಷ್ಯನ ಕೊನೆಯ ದೊಡ್ಡ ತಮಾಷೆ ಅದು.

ಮಾರಿಕಣಿವೆ 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅಷ್ಟರಲ್ಲಿ ಅವರು ಹೋಗಿಯಾಗಿತ್ತು. ಮಧ್ಯಾಹ್ನ ಮುದ್ದೆ, ಹುರುಳಿಕಟ್ಟಿನ ಸಾರು ಉಂಡು, ಜಗುಲಿಯಲ್ಲಿ ಅಡ್ಡಾದವರು ಏಳಲಿಲ್ಲ. ಮುದ್ದಹನುಮನ ವಕೀಲರಿಗೆ ಒಪ್ಪುವ ರೀತಿಯಲ್ಲೇ ಆಯಿತು, ಊಟಕ್ಕೆ ಬಂದ ಮೇಲೆ. ಟ್ರಂಕಿನಲ್ಲಿ ಎಲ್ಲ ಕಾಗದಗಳೂ ಸಾಲಾಗಿ, ದಾರ ಕಟ್ಟಿ, ಮೇಲೆ ಚೀಟಿ ಅಂಟಿಸಿ ಇದ್ದವು. ಯಾವ ಕಚೇರಿಗೆ ಮೊದಲು ಹೋಗಬೇಕು, ಯಾವ ಅರ್ಜಿಗೆ ಎಷ್ಟು ಪ್ರತಿ, ಯಾವ ಗುಮಾಸ್ತನಿಗೆ ಎಲೆ-ಅಡಿಕೆ ಇಷ್ಟ, ಎಲ್ಲ ಬರೆದಿಟ್ಟಿದ್ದರು. ಕುಟುಂಬ ಪಿಂಚಣಿ ಯಾವ ತೊಡಕೂ ಇಲ್ಲದೆ ದೊಡ್ಡಮ್ಮನ ಹೆಸರಿಗೆ ಬಂತು.

ನಿಯಮದ ಪ್ರಕಾರ ಕುಟುಂಬ ಪಿಂಚಣಿ ಎಂದರೆ ಇಡಿಯಲ್ಲ, ಒಂದು ಪಾಲು. ಆದರೆ ಸೇನೆಯ ಲೆಕ್ಕಪತ್ರದಲ್ಲಿಲ್ಲದ ಇನ್ನೊಂದು ಆಸ್ತಿ ಇಡಿಯಾಗಿಯೇ ವರ್ಗವಾಗಿದೆ ಎಂದು ನನಗೆ ತಿಳಿದದ್ದು ಆಮೇಲಿನ ನವೆಂಬರಿನಲ್ಲಿ. ಜೀವೋತ್ಸವಕ್ಕೆ ಈಗ ದೊಡ್ಡಮ್ಮ ಹೋಗಬೇಕು. ಬ್ಯಾಂಕಿನಲ್ಲಿ ಬೆರಳೊತ್ತುವ ಯಂತ್ರದ ಮೇಲೆ ಆಕೆಯ ಹೆಬ್ಬೆಟ್ಟನ್ನು ಎಷ್ಟು ಒತ್ತಿದರೂ ಅದು ಒಪ್ಪುತ್ತಿಲ್ಲ. ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿವೆ. ಗುಮಾಸ್ತ ಹುಡುಗ ಬೆವರಿ, “ಅಜ್ಜಿ, ಮಿಷನ್ನು ನೀವು ಇಲ್ಲ ಅಂತೈತೆ” ಅಂದ. ದೊಡ್ಡಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಮುದ್ದೆ ತಿರುವಿ ತಿರುವಿ ಬೆಟ್ಟು ಸವೆದೈತೆ ಕಣಪ್ಪ, ಜೀವ ಸವೆದಿಲ್ಲ. ನಮ್ಮನೆಯೋರು ಇದ್ದಿದ್ರೆ ನಿನ್ನ ಮಿಷನ್ನಿಗೇ ಒಂದು ತುತ್ತು ಇಟ್ಟು ಕೇಳೋರು, ಕೈರುಚಿ ಗೊತ್ತಾಯ್ತಾ ಅಂತ” ಅಂದರು. ಸಾಲಿನಲ್ಲಿ ನಿಂತಿದ್ದ ಮುದುಕರೆಲ್ಲ ಪಿಂಚಣಿ ಮರೆತು ನಕ್ಕರು. ಹುಡುಗ ಬೇರೆ ಬೆರಳು ಒತ್ತಿಸಿದ. ಯಂತ್ರ ಒಪ್ಪಿತು.

ಆ ಸಂಜೆ ಈ ಪ್ರಸಂಗವನ್ನು ದೊಡ್ಡಮ್ಮ ಜಗುಲಿಯಲ್ಲಿ ಹೇಳಿದರು. ಮರುದಿನ ಇನ್ನೊಂದು ಗುಂಪಿಗೆ ಹೇಳುವಾಗ ಗುಮಾಸ್ತನ ಜಾಗದಲ್ಲಿ ಮ್ಯಾನೇಜರು ಬಂದಿದ್ದ. ಮೂರನೇ ದಿನ ಮ್ಯಾನೇಜರು ಎದ್ದು ಕೈಮುಗಿದಿದ್ದ. ನಾನು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕಣ್ಣಾರೆ ಕಂಡವನು. ಮೇಷ್ಟರಂತೆ ನಾನೂ ನನ್ನ ಪಾಲಿನದೊಂದಿಷ್ಟು ಸೇರಿಸುತ್ತಿದ್ದೇನೆ. ದಿಲ್ಲಿಯ ಯಾರಾದರೂ ದೊಡ್ಡ ಸಾಹೇಬರು ಇದರೊಳಗೆ ಬರಲು ಇನ್ನೂ ಜಾಗವಿದೆ.